ಉಳಿದೆಲ್ಲ ಸಂಗತಿಗಳು ಸ್ಥಿರವಾಗಿದ್ದಾಗ

ಗಾಜಿನ ಗೂಡಿನಿಂದ
ಜೂನ್ 12

ಮಗರಾಯಾ,

ಇಲ್ಲಿ ನಾನೂ ನಿನ್ನ ಅಜ್ಜಿಯೂ ಕ್ಷೇಮ. ಅಜ್ಜಿಯ ಮೊಣಕಾಲು, ನಾಲಿಗೆ ಇವೆರಡರಲ್ಲಿ ಮೊದಲನೆಯದಕ್ಕೆ ಮಾತ್ರ ವಯಸ್ಸಾಗಿದೆ.

ಈಗ ಗಂಭೀರವಾದ ವಿಷಯ. ಕೂತುಕೊಂಡು ಓದು. ನಿಮ್ಮ ಹವಾಮಾನ ಕೇಂದ್ರದಲ್ಲಿ ಕುರ್ಚಿ ಖಾಲಿಯಿಲ್ಲದಿದ್ದರೆ ಮಳೆ ಅಳೆಯುವ ಡಬ್ಬಿಯ ಪಕ್ಕದ ಕಲ್ಲಿನ ಮೇಲಾದರೂ ಕೂರು. ನಿನ್ನ ತಾಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದಾಳೆ. ಸಂಜೆ ತರಗತಿ, ಅರ್ಥಶಾಸ್ತ್ರ, ಮೂರು ಪತ್ರಿಕೆ. ನಗುವುದಿದ್ದರೆ ಇಲ್ಲೇ ನಕ್ಕು ಮುಗಿಸು, ಮುಂದಿನ ಸಾಲುಗಳಿಗೆ ಗಂಭೀರ ಮುಖ ಬೇಕಾಗುತ್ತದೆ.

ಬಸ್ ನಿಲ್ದಾಣಕ್ಕೆ ಮುಂದಿನ ವರ್ಷ ಯಂತ್ರ ಬರುತ್ತದಂತೆ. ಯಾವ ಬಸ್ಸು ಯಾವ ಅಂಕಣಕ್ಕೆ ಎಂದು ತಾನೇ ಕೂಗಿ ಹೇಳುತ್ತದಂತೆ. ಅದಕ್ಕೆ ನೆಗಡಿಯಾಗುವುದಿಲ್ಲ, ಚಹಾ ಬೇಡ, ರಜೆ ಬೇಡ, ಅತ್ತೆ ಇಲ್ಲ. ಇಷ್ಟು ವರ್ಷ ಈ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ‘ಪ್ರಯಾಣಿಕರ ಗಮನಕ್ಕೆ’ ಎಂದು ಊರಿಗೆ ಊರನ್ನೇ ಗದರಿಸಿದ ನನ್ನ ಗಂಟಲಿಗೆ ಅಲ್ಲಿಗೆ ನಿವೃತ್ತಿ. ನಮ್ಮ ಮೇಲ್ವಿಚಾರಕರು ಒಂದು ದಾರಿ ತೋರಿಸಿದರು. ಎರಡು ಮಾತಿಗೊಮ್ಮೆ ಕೈಗಡಿಯಾರ ನೋಡುವುದರಿಂದ ಇಡೀ ನಿಲ್ದಾಣ ಅವರನ್ನು ‘ಗಡಿಯಾರ’ ಎನ್ನುತ್ತದೆ, ನಿನಗೆ ಗೊತ್ತಲ್ಲ. ಪದವಿಗೆ ಓದುತ್ತಿದ್ದು, ಪಾಸೂ ಆಗುತ್ತಿದ್ದರೆ ಟಿಕೆಟ್ ಕಚೇರಿಯ ಒಳಗೊಂದು ಮೇಜು ಕೊಡುತ್ತಾರಂತೆ. ಓದು ಬಿಟ್ಟರೆ ಮೇಜೂ ಇಲ್ಲ, ಮೈಕೂ ಇಲ್ಲ, ಮನೆ. ನಿಮ್ಮಪ್ಪ ಹೋದಮೇಲೆ ಆ ಮನೆ ನಡೆಯುತ್ತಿರುವುದೇ ಈ ಗಂಟಲಿನ ಮೇಲೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಪುಸ್ತಕ ಕೊಳ್ಳಲಿಲ್ಲ. ನಿನ್ನದೇ ಬೀರುವಿನ ತಲೆಯ ಮೇಲಿತ್ತು. ಎರಡನೇ ಪುಟದಲ್ಲಿ ನೀನು ಬಿಡಿಸಿದ ಮೀಸೆ ಮೇಷ್ಟ್ರ ಚಿತ್ರವಿದೆ. ಮೀಸೆಯ ತುದಿಗೊಂದು ಹಕ್ಕಿಯನ್ನೂ ಕೂರಿಸಿದ್ದೀಯ. ಅದೇ ಮೇಷ್ಟ್ರು, ಅದೇ ಮೀಸೆ ಈಗ ನನ್ನ ಎದುರು ನಿಂತು ಪಾಠ ಮಾಡುತ್ತವೆ. ಹಕ್ಕಿ ಹಾರಿಹೋಗಿದೆ ಅಷ್ಟೇ. ಮೊದಲ ದಿನ ನಗು ತಡೆಯಲು ನಾನು ಪಟ್ಟ ಪಾಡು ಪಠ್ಯದಲ್ಲಿಲ್ಲ.

ನಿನ್ನ ಪೆನ್ಸಿಲ್ ಗೆರೆಗಳು ನಾಲ್ಕನೇ ಅಧ್ಯಾಯದ ನಡುವೆ ನಿಂತುಹೋಗಿವೆ. ಯಾಕೆ ಎಂದು ನಾನೇನೂ ಕೇಳುತ್ತಿಲ್ಲ. ಕಣ್ಣಿಗೆ ಬಿತ್ತು, ಹೇಳಿದೆ.

ನಿನ್ನ ಗುಡ್ಡದ ಫೋನು ಗಾಳಿ ಬೀಸಿದ ಕಡೆಗೆ ಮಾತಾಡುತ್ತದೆ, ಹಾಗಾಗಿ ಕಾಗದವೇ ವಾಸಿ. ಗುಡ್ಡದ ಬಸ್ಸಿನ ನಿಧಾನಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಂತ ವಾಹನ ಬಿಟ್ಟರೆ ಬೇರೆ ಯಾವುದನ್ನೂ ಹಿಂದೆ ಹಾಕಿ ಗೊತ್ತಿಲ್ಲದ ಡ್ರೈವರು. ಕಾಗದ ತಲುಪುವುದಂತೂ ಖಂಡಿತ, ಯಾವ ಋತುವಿನಲ್ಲಿ ಎಂದು ಹೇಳಲಾರೆ.

ಇಂತಿ ನಿನ್ನ ಅಮ್ಮ
(ಪ್ರಥಮ ವರ್ಷ, ಕೊನೆಯ ಬೆಂಚು)


ಗುಡ್ಡದ ಮೇಲಿಂದ
ಜೂನ್ 25

ಪ್ರಿಯ ವಿದ್ಯಾರ್ಥಿನಿ,

ನಿಮ್ಮ ಪೋಷಕನಾಗಿ ಈ ಪತ್ರ ಬರೆಯುತ್ತಿದ್ದೇನೆ. ಕಾಲೇಜಿಗೆ ಸೇರಿದ್ದನ್ನು ಮನೆಯವರಿಗೆ ಸೇರಿದ ಮೇಲೆ ತಿಳಿಸುವುದು ಒಳ್ಳೆಯ ಹುಡುಗಿಯರ ಲಕ್ಷಣವಲ್ಲ. ಇರಲಿ, ಕ್ಷಮಿಸಿದೆ.

ಕೆಲಸ, ಓದು ಎರಡನ್ನೂ ಒಟ್ಟಿಗೆ ಎಳೆಯುವವರಿಗೆ ವೇಳಾಪಟ್ಟಿ ಮುಖ್ಯ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. ದಿನಾ ಸ್ವಲ್ಪ ನಡೆ. ತಲೆ ಬಿಸಿಯಾದಾಗ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡು. ನಿದ್ದೆ ಕಡಿಮೆ ಮಾಡಬೇಡ. ಇವೆಲ್ಲ ನನಗೂ ಯಾರೋ ಹೇಳಿದ್ದವು. ಒಳ್ಳೆಯ ಸಲಹೆಗಳೇ. ನಾನು ಯಾವುದನ್ನೂ ಬಳಸದೆ ಇಟ್ಟಿದ್ದರಿಂದ ಇನ್ನೂ ಹೊಸದರಂತಿವೆ, ನೀನು ತಗೋ.

ಇಲ್ಲಿ ಎಲ್ಲ ಎಂದಿನಂತೆ. ಗಾಳಿ ಅಳೆಯುವ ಬಟ್ಟಲುಗಳು ತಿರುಗುತ್ತಿವೆ, ನಾನು ನೋಡಿ ಬರೆದುಕೊಳ್ಳುತ್ತಿದ್ದೇನೆ. ಬರೆದಿಟ್ಟೆ ಎಂದು ಗಾಳಿಗೆ ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ. ಅದು ನನಗೆ ಹಿಡಿಸುತ್ತದೆ.

ಮೇಷ್ಟ್ರ ಚಿತ್ರವನ್ನು ಅಳಿಸಬೇಡ.

ನಿನ್ನ ಮಗ ಮತ್ತು ಪೋಷಕ


ಗಾಜಿನ ಗೂಡಿನಿಂದ
ಜುಲೈ 20

ಪೂಜ್ಯ ಪೋಷಕರಿಗೆ,

ನಿಮ್ಮ ಸಲಹೆಗಳನ್ನು ಶಿರಸಾವಹಿಸಿ ಪಾಲಿಸಿದ್ದೇನೆ. ವರದಿ ಹೀಗಿದೆ.

ವೇಳಾಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನಿನ್ನ ಅಜ್ಜಿ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿ, ಇದರಲ್ಲಿ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕೋ ಹೊತ್ತು ಎಲ್ಲಿದೆ ಎಂದರು. ಸೇರಿಸಿದೆ. ಬಟ್ಟೆ ಒಗೆಯೋದು ಎಲ್ಲಿದೆ ಎಂದರು. ಅದನ್ನೂ ಸೇರಿಸಿದೆ. ಈಗ ಪಟ್ಟಿಯಲ್ಲಿ ಓದುವ ಹೊತ್ತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಲು ಒಲೆಯ ಮುಂದೆ ನಿಂತೆ. ಮನಸ್ಸು ಶಾಂತವಾಯಿತು, ಹಾಲು ಉಕ್ಕಿತು. ಇನ್ನು ನಿದ್ದೆಯ ವಿಚಾರ. ಅದನ್ನು ನಾನೇನೂ ಕಡಿಮೆ ಮಾಡಿಲ್ಲ, ಜಾಗ ಬದಲಾಯಿಸಿದ್ದೇನೆ. ಈಗ ತರಗತಿಯಲ್ಲಿ ಮಾಡುತ್ತೇನೆ.

ಹೋದ ವಾರ ಮೀಸೆ ಮೇಷ್ಟ್ರು ಏನೋ ಪ್ರಶ್ನೆ ಕೇಳಿ ನನ್ನ ಕಡೆ ಬೆರಳು ತೋರಿಸಿದರಂತೆ. ಪಕ್ಕದ ಹುಡುಗಿ ತಿವಿದಳು. ಎದ್ದು ನಿಂತವಳೇ ‘ಪ್ರಯಾಣಿಕರ ಗಮನಕ್ಕೆ, ಬಸ್ಸು ತಡವಾಗಿ ಬರಲಿದೆ’ ಎಂದೆ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ಮೀಸೆಯೊಳಗೇ ಏನೋ ಹುಡುಕಿಕೊಂಡು, “ತಡವಾದ್ರೂ ಬರುತ್ತೆ ತಾನೇ? ಕೂತ್ಕೊಳ್ಳಮ್ಮ” ಎಂದರು.

ಆದರೆ ಅವತ್ತು ನನಗೊಂದು ಗುಟ್ಟು ಹೊಳೆಯಿತು. ಮನಸ್ಸಿನೊಳಗೇ ಓದಿದರೆ ನನಗೆ ಒಂದಕ್ಷರವೂ ನಿಲ್ಲುವುದಿಲ್ಲ. ಇಷ್ಟು ವರ್ಷ ನನ್ನ ತಲೆಗೆ ಏನು ಹೋಗಿದ್ದರೂ ಗಂಟಲಿನ ದಾರಿಯಿಂದಲೇ ಹೋಗಿದೆ. ಹಾಗಾಗಿ ಗೂಡಿನಲ್ಲಿ ಎರಡು ಬಸ್ಸುಗಳ ನಡುವೆ ಮೈಕಿನ ಸ್ವಿಚ್ ಆರಿಸಿಕೊಂಡು, ಪುಸ್ತಕ ತೆರೆದು, ಪಾಠವನ್ನೇ ಘೋಷಣೆ ಮಾಡುತ್ತೇನೆ. ‘ಪ್ರಯಾಣಿಕರ ಗಮನಕ್ಕೆ. ಉಳಿದೆಲ್ಲ ಸಂಗತಿಗಳು ಸ್ಥಿರವಾಗಿದ್ದಾಗ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಬೆಲೆ ಇಳಿದರೆ ಬೇಡಿಕೆ ಏರುತ್ತದೆ.’ ಕಲ್ಲಿನಲ್ಲಿ ಕೊರೆದ ಹಾಗೆ ನಿಲ್ಲುತ್ತದೆ.

ಮನೆಯಲ್ಲೂ ಅಜ್ಜಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, “ಉಳಿದೆಲ್ಲ ಸ್ಥಿರ ಅಂತ ಬರೆದೋನಿಗೆ ಸಂಸಾರ ಇರ್ಲಿಲ್ಲ ಬಿಡು” ಎಂದರು.

ನಾವು ಕ್ಷೇಮ.

ಇಂತಿ ಅಮ್ಮ


ಗಾಜಿನ ಗೂಡಿನಿಂದ
ಆಗಸ್ಟ್ 8

ಮಗನೇ,

ನಾವು ಕ್ಷೇಮ. ಕೆಲಸ ಸ್ವಲ್ಪ ಜಾಸ್ತಿ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು. ಮಧ್ಯಾಹ್ನದ ಪಾಳಿಯ ವಾರ ತರಗತಿಗೆ ಅರ್ಧದಲ್ಲಿ ಹೋಗಿ ಅರ್ಥವಾಗದೆ ಬರುತ್ತೇನೆ. ಮೊನ್ನೆ ಎರಡನೇ ಅಂಕಣದ ಬಸ್ಸನ್ನು ಐದನೆಯದಕ್ಕೆ ಹೇಳಿಬಿಟ್ಟೆ. ಜನ ಮೂಟೆ ಹೊತ್ತುಕೊಂಡು ಓಡಿದರು. ಒಬ್ಬ ಮುದುಕರಿಗೆ ಬಸ್ಸು ತಪ್ಪಿತು. ಬೈಯಲಿಲ್ಲ ಪಾಪ, ಗೂಡಿನ ಕಡೆ ಒಂದು ಸಲ ನೋಡಿದರು.

ಬೇರೆ ಏನಿಲ್ಲ. ಕ್ಷೇಮ.

ಅಮ್ಮ


ಗುಡ್ಡದ ಮೇಲಿಂದ
ಆಗಸ್ಟ್ 16

ಅಮ್ಮಾ,

ನಿನ್ನ ಕಾಗದ ಒಂದೇ ಪುಟ. ಅದರಲ್ಲಿ ಅಜ್ಜಿಯನ್ನು ಬೈದಿಲ್ಲ, ಗಡಿಯಾರವನ್ನು ಬೈದಿಲ್ಲ, ನನ್ನನ್ನೂ ಬೈದಿಲ್ಲ. ಎರಡು ಸಲ ಕ್ಷೇಮ ಎಂದು ಬರೆದಿದ್ದೀಯ.

ಇಲ್ಲಿ ಗಾಳಿ ಪೂರ್ತಿ ನಿಂತುಹೋದರೆ ನಾವು ಹೊರಗೆ ಒಣಹಾಕಿದ್ದನ್ನೆಲ್ಲ ಒಳಗೆ ತರುತ್ತೇವೆ.

ದೊಡ್ಡ ಕಾಗದ ಬರಿ.

ಮಗ


ಗಾಜಿನ ಗೂಡಿನಿಂದ
ಸೆಪ್ಟೆಂಬರ್ 3

ಮಗರಾಯಾ,

ದೊಡ್ಡ ಕಾಗದ ಕೇಳಿದ್ದೆ, ತಗೋ. ನಿನ್ನ ಅದೃಷ್ಟಕ್ಕೆ ನನ್ನ ಮಾನ ಹೋಗಿದೆ, ಆದ್ದರಿಂದ ಬರೆಯಲು ವಿಷಯವಿದೆ.

ಸೋಮವಾರ ಮಧ್ಯಾಹ್ನ. ಬಸ್ಸುಗಳ ನಡುವೆ ಬಿಡುವು. ಪರೀಕ್ಷೆ ಹತ್ತಿರ ಬರುತ್ತಿದೆ, ಮೂರು ಪತ್ರಿಕೆಗಳೂ ಬಾಯಿ ತೆರೆದುಕೊಂಡು ಕೂತಿವೆ. ನಾನು ಪುಸ್ತಕ ತೆಗೆದು, ಕಣ್ಣು ಮುಚ್ಚಿ, ಬೇಡಿಕೆಯ ನಿಯಮವನ್ನು ನನ್ನ ಅತ್ಯುತ್ತಮ ಧ್ವನಿಯಲ್ಲಿ ಘೋಷಿಸಿದೆ. ಸಾಲದೆಂದು ಮತ್ತೆ ಘೋಷಿಸಿದೆ. ಮೈಕಿನ ಸ್ವಿಚ್ ಆರಿಸಿದ್ದೇನೆ ಎಂಬುದು ನನ್ನ ಭಾವನೆ. ಸ್ವಿಚ್ಚಿನ ಭಾವನೆ ಬೇರೆ ಇತ್ತು.

ಈಗ ನೀನು ಒಬ್ಬ ಪ್ರಯಾಣಿಕ ಎಂದುಕೋ. ತಲೆಯ ಮೇಲಿನ ಧ್ವನಿವರ್ಧಕ ಘನಗಂಭೀರವಾಗಿ ‘ಪ್ರಯಾಣಿಕರ ಗಮನಕ್ಕೆ’ ಎನ್ನುತ್ತದೆ, ಆಮೇಲೆ ‘ಬೆಲೆ ಏರಿದರೆ’ ಎನ್ನುತ್ತದೆ. ನೀನು ಏನು ಮಾಡುತ್ತೀಯ? ಅವರೂ ಅದನ್ನೇ ಮಾಡಿದರು. ಟಿಕೆಟ್ ಕಿಟಕಿಗೆ ನುಗ್ಗಿದರು. ನಾಳೆಯಿಂದ ದರ ಜಾಸ್ತಿಯಂತೆ, ಇವತ್ತೇ ತಗೊಳ್ಳಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಹೋಗುವುದಕ್ಕೆ, ಬರುವುದಕ್ಕೆ, ಬಾಮೈದನಿಗೆ, ಬಾಮೈದನ ಹೆಂಡತಿಗೆ ಎಲ್ಲ ಕೊಂಡರು. ನೆರಳಿಗೆಂದು ನಿಲ್ದಾಣಕ್ಕೆ ಬಂದವನೊಬ್ಬ ಸಾಲಿನಲ್ಲಿ ನಿಂತುಬಿಟ್ಟಿದ್ದ. ಎಲ್ಲಿಗೆ ಟಿಕೆಟ್ ಎಂದು ಕಿಟಕಿಯವರು ಕೇಳಿದರೆ, “ಎಲ್ಲಿಗಾದ್ರೂ ಕೊಡಿ ಸಾರ್, ನಾಳೆ ಸಿಗಲ್ವಂತೆ” ಎಂದನಂತೆ.

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ನಾನು ಒಳಗೆ ಕೂತು ಸಾರುತ್ತಿದ್ದೇನೆ, ಹೊರಗೆ ಬೇಡಿಕೆ ಬಾಗಿಲು ಮುರಿಯುತ್ತಿದೆ. ಒಂದು ಶಾಸ್ತ್ರ ಅದನ್ನು ಓದುತ್ತಿರುವವಳ ಕಣ್ಣೆದುರೇ ಇಷ್ಟು ಬೇಗ ಮಗುಚಿ ಬಿದ್ದದ್ದು ಇದೇ ಮೊದಲಿರಬೇಕು.

ಕಣ್ಣು ಬಿಟ್ಟಾಗ ಗಾಜಿನಾಚೆ ಗಡಿಯಾರದ ಮುಖ ಕಂಡಿತು. ಆಮೇಲೆ ಸ್ವಿಚ್ ನೋಡಿದೆ, ಆರಿಸಿದೆ. ಅಷ್ಟೇ.

ಲಿಖಿತ ವಿವರಣೆ ಕೇಳಿದ್ದಾರೆ. ಯಂತ್ರ ಇಂಥ ತಪ್ಪು ಮಾಡಲ್ಲ ಎಂದೂ ಹೇಳಿದರು. ಅದೂ ನಿಜವೇ. ಪುಸ್ತಕವನ್ನು ಮತ್ತೆ ಬೀರುವಿನ ಮೇಲೆ ಇಟ್ಟಿದ್ದೇನೆ. ಸುಮ್ಮನೆ, ಸದ್ಯಕ್ಕೆ. ಧೂಳು ಹಿಡಿಯದ ಹಾಗೆ ಬಟ್ಟೆ ಹೊದಿಸಿದ್ದೇನೆ.

ನಾವು ಕ್ಷೇಮ.

ಅಮ್ಮ


ಗುಡ್ಡದ ಮೇಲಿಂದ
ಸೆಪ್ಟೆಂಬರ್ 9

ಅಮ್ಮಾ,

ನಿನ್ನ ಕಾಗದ ಓದಿ ಜೋರಾಗಿ ನಕ್ಕೆ. ಕಾಗದ ತಂದ ನಿಧಾನಿ ಅಲ್ಲೇ ನಿಂತಿದ್ದರು. ಅವರು ನಗಲಿಲ್ಲ. ಅವತ್ತು ಗುಡ್ಡದ ಬಸ್ಸು ಅಂಕಣದಲ್ಲೇ ನಿಂತಿತ್ತಂತೆ. ಸಾಲಿನ ಗದ್ದಲದಲ್ಲಿ ಇದ್ದವರಿಗೆ ಕೇಳಿಸದಿದ್ದದ್ದು ಬಸ್ಸಿನೊಳಗೆ ಕೂತವರಿಗೆ ಕೇಳಿಸಿತಂತೆ. ಅವರು ಬಸ್ಸು ಓಡಿಸುವ ಹಾಗೆಯೇ ಮಾತಾಡುತ್ತಾರೆ, ಒಂದೊಂದು ಪದಕ್ಕೂ ಒಂದು ನಿಲುಗಡೆ ಕೊಟ್ಟು.

“ಪಾಠ ಮುಗೀತು. ಆಮೇಲೆ ನಿಮ್ಮಮ್ಮ, ‘ನನ್ ಕೈಲಿ ಆಗ್ತಿಲ್ಲ ಕಣೋ’ ಅಂದ್ರು. ಯಾರಿಗಂದ್ರೋ ಗೊತ್ತಾಗ್ಲಿಲ್ಲ.”

ಅಮ್ಮಾ, ನೀನು ಗಡಿಯಾರಕ್ಕೆ ‘ಕಣೋ’ ಅನ್ನುವುದಿಲ್ಲ. ಮೇಷ್ಟ್ರಿಗೂ ಅನ್ನುವುದಿಲ್ಲ. ಅಷ್ಟು ದೊಡ್ಡ ಧ್ವನಿವರ್ಧಕದಲ್ಲಿ ನನ್ನನ್ನು ಕರೆದೆ. ನನಗೆ ಕೇಳಿಸಿದ್ದು ನಿಧಾನಿ ಬಂದಮೇಲೆ.

ನೀನು ನಾಲ್ಕನೇ ಅಧ್ಯಾಯದ ಬಗ್ಗೆ ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಹೇಳುತ್ತೇನೆ. ಆಗ ನಾನು ಮುದ್ರಣಾಲಯದಲ್ಲಿ ಕೆಲಸ ಮಾಡುತ್ತ ಓದುತ್ತಿದ್ದೆನಲ್ಲ, ದಿನಾ ಮನೆಗೆ ಬಂದರೆ ನೀನು ಹೇಗಿದ್ದೀಯೋ ಎನ್ನುತ್ತಿದ್ದೆ, ನಾನು ಚೆನ್ನಾಗಿದ್ದೀನಿ ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದೆನೆಂದರೆ ಆಮೇಲಾಮೇಲೆ ಅದು ಬಾಯಿಂದ ತಾನೇ ಬರುತ್ತಿತ್ತು, ನಿನ್ನ ನಿಲ್ದಾಣದ ಹೊಸ ಯಂತ್ರದ ಹಾಗೆ. ಪರೀಕ್ಷೆಯ ದಿನ ಉತ್ತರಪತ್ರಿಕೆಯ ಮೇಲೆ ನನ್ನ ಹೆಸರು ಬರೆಯಬೇಕಿತ್ತು. ಪೆನ್ನು ಹಿಡಿದುಕೊಂಡು ಕೂತೆ. ಬರೆಯಲು ಆಗಲಿಲ್ಲ. ಮರೆತಿರಲಿಲ್ಲ, ಬರೆಯಲು ಆಗಲಿಲ್ಲ ಅಷ್ಟೇ. ಎದ್ದು ಬಂದು ನಿಲ್ದಾಣದಲ್ಲಿ, ನಿನ್ನ ಗೂಡಿಗೆ ಕಾಣದ ಕಂಬದ ಹಿಂದೆ ಕೂತೆ. ತಲೆಯ ಮೇಲೆ ನಿನ್ನ ಧ್ವನಿ. ಗುಡ್ಡದ ಬಸ್ಸು ಹೊರಡಲಿದೆ, ಪ್ರಯಾಣಿಕರು ದಯವಿಟ್ಟು ಹತ್ತಿ ಕುಳಿತುಕೊಳ್ಳಿ ಎಂದೆ. ಅಷ್ಟು ಅಕ್ಕರೆಯಿಂದ ಯಾರಾದರೂ ಏನಾದರೂ ಹೇಳಿ ಎಷ್ಟೋ ದಿನವಾಗಿತ್ತು. ಹತ್ತಿ ಕುಳಿತೆ.

ನಿನ್ನ ತಪ್ಪು ಎನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆ ಬಸ್ಸಿನಿಂದ ನನಗೆ ಒಳ್ಳೆಯದೇ ಆಯಿತು. ಆದರೆ ನೀನು ಬಸ್ಸು ಹತ್ತಬೇಡ. ನಿನಗೆ ಬಸ್ಸು ಹೇಳುವವರು ಯಾರೂ ಇಲ್ಲ.

ವೇಳಾಪಟ್ಟಿ ಹರಿದುಹಾಕು. ಉಸಿರಾಟ ನಿನ್ನಿಷ್ಟ, ಹಾಲು ನೋಡಿಕೋ. ಎರಡೇ ಕೆಲಸ ಮಾಡು. ಮೇಷ್ಟ್ರ ಹತ್ತಿರ ಹೋಗಿ ಮೂರು ಪತ್ರಿಕೆ ಆಗುತ್ತಿಲ್ಲ, ಈಗ ಒಂದು ಬರೆಯುತ್ತೇನೆ ಎಂದು ಹೇಳು. ಗಡಿಯಾರದ ಹತ್ತಿರ ಹೋಗಿ ಒಂದೇ ಪಾಳಿ ಕೇಳು. ವಿವರಣೆ ಬರೆಯಬೇಡ, ಎದುರು ನಿಂತು ಹೇಳು. ಆಗುತ್ತಿಲ್ಲ ಎಂದು ಇಡೀ ನಿಲ್ದಾಣಕ್ಕೆ ಹೇಳಿಯಾಗಿದೆ. ಇನ್ನಿಬ್ಬರಿಗೆ ಹೇಳಲು ಏನು ನಾಚಿಕೆ?

ಮುಂದಿನ ಕಾಗದದಲ್ಲಿ ಕ್ಷೇಮ ಎಂಬ ಪದ ಕಂಡರೆ ವಾಪಸ್ಸು ಕಳಿಸುತ್ತೇನೆ.

ನಿನ್ನ ಮಗ


ಗಾಜಿನ ಗೂಡಿನಿಂದ
ಅಕ್ಟೋಬರ್ 6

ಮಗನೇ,

ಆ ನಿಷೇಧಿತ ಪದವನ್ನು ಬಿಟ್ಟು ಕಾಗದ ಆರಂಭಿಸುವುದು ಹೇಗೆಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಕೊನೆಗೆ ಇದ್ದದ್ದನ್ನು ಬರೆಯುತ್ತೇನೆ: ತಲೆನೋವಿದೆ, ಮೊದಲಿನಷ್ಟಿಲ್ಲ. ನಿನ್ನೆ ಚೆನ್ನಾಗಿ ನಿದ್ದೆ ಬಂತು, ಮನೆಯಲ್ಲಿ.

ನಿನ್ನ ಕಾಗದವನ್ನು ನಾನು ಕಂಬದ ಹಿಂದಿನ ಆ ಬೆಂಚಿನಲ್ಲಿ ಕೂತು ಓದಿದೆ. ಅಲ್ಲಿಂದ ಗೂಡು ನಿಜವಾಗಿಯೂ ಕಾಣುವುದಿಲ್ಲ. ಅದರ ಬಗ್ಗೆ ಇಷ್ಟೇ.

ಗಡಿಯಾರದ ಎದುರು ನಿಂತು ಹೇಳಿದೆ. ಅವರು ನಾನು ಮಾತು ಮುಗಿಸುವವರೆಗೂ ಕೈಗಡಿಯಾರವನ್ನು ನೋಡಲಿಲ್ಲ. ನನಗೆ ಹೆದರಿಕೆಯಾಯಿತು, ಮೈ ಹುಷಾರಿಲ್ಲವೇನೋ ಎಂದು. ಆಮೇಲೆ ಹೇಳಿದರು, ಅವರ ಹೆಂಡತಿ ನರ್ಸ್ ಆಗಲು ಓದುತ್ತಿದ್ದಾಗ ಒಂದು ದಿನ ದಣಿವಿನ ಗುಂಗಿನಲ್ಲಿ ಬಾಗಿಲಿಗೆ ಬೀಗ ಹಾಕಿ, ಗಂಡನನ್ನು ಒಳಗೇ ಬಿಟ್ಟು ಹೋಗಿದ್ದರಂತೆ. ಸಂಜೆಯವರೆಗೂ ಒಳಗೆ ಹೊತ್ತು ಎಣಿಸಿದ ಅವತ್ತಿನಿಂದ ಅವರಿಗೆ ಗಡಿಯಾರದ ಮೇಲೆ ಕಣ್ಣು. ಬೆಳಗಿನ ಪಾಳಿಯನ್ನೇ ಕಾಯಂ ಮಾಡಿದ್ದಾರೆ. ಷರತ್ತು ಒಂದೇ, ಅರ್ಥಶಾಸ್ತ್ರ ಗೂಡಿನೊಳಗೆ ಕಾಲಿಡಬಾರದು. ಯಂತ್ರ ಮಾತ್ರ ಬಂದೇ ಬರುತ್ತದಂತೆ. ಅದು ಅವರ ಕೈಯಲ್ಲಿಲ್ಲ. ಮೇಜು ಇದೆ, ಒಂದೇ ಪತ್ರಿಕೆಯಾದರೂ ಈ ಸಲ ಪಾಸಾಗಿರಬೇಕು ಎಂದರು.

ಮೇಷ್ಟ್ರ ಹತ್ತಿರ ಹೋದಾಗ ಗಾಬರಿಯಲ್ಲಿ ಪುಸ್ತಕ ಕೆಳಗೆ ಬಿತ್ತು. ಬಿದ್ದು ತೆರೆದುಕೊಂಡದ್ದು ಎರಡನೇ ಪುಟ. ಅವರು ಎತ್ತಿಕೊಂಡು, ಕನ್ನಡಕ ಏರಿಸಿ, ತಮ್ಮನ್ನೇ ಬಹಳ ಹೊತ್ತು ನೋಡಿಕೊಂಡರು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ.

“ಮೀಸೆ ಸ್ವಲ್ಪ ದಪ್ಪ ಆಯ್ತು,” ಎಂದರು. “ಈ ಹುಡುಗ ಈಗ ಎಲ್ಲಿದಾನೆ?”

“ಗುಡ್ಡದ ಮೇಲೆ ಗಾಳಿ ಅಳೀತಾನೆ ಸಾರ್. ನನ್ನ ಮಗ.”

ಅವರು ಒಂದು ಪತ್ರಿಕೆಗೆ ಒಪ್ಪಿ ಸಹಿ ಹಾಕಿದರು, ಮಿಕ್ಕೆರಡು ಮುಂದಿನ ಸಲ. ಪುಸ್ತಕ ಕೊಡುವಾಗ, “ತಡವಾದ್ರೂ ಬರುತ್ತೆ ಅಂತ ಅವನಿಗೂ ಹೇಳಿ” ಎಂದರು. ಹೇಳಿದ್ದೇನೆ.

ಈಗ ಮನೆಗೆ ನಡೆದುಕೊಂಡು ಬರುತ್ತ ಬೀದಿಯಲ್ಲಿ ಪಾಠ ಘೋಷಿಸುತ್ತೇನೆ. ಬೀದಿಯವರು ಮೊದಲು ಪಾಪ ಎಂದರು, ಈಗ ದಾರಿ ಬಿಡುತ್ತಾರೆ. ರಾತ್ರಿ ಅಜ್ಜಿ ಪ್ರಶ್ನೆ ಕೇಳುತ್ತಾರೆ, ಎಣ್ಣೆ ತಿಕ್ಕುವಾಗ. ತಪ್ಪು ಹೇಳಿದರೆ ಇನ್ನೊಂದು ಮೊಣಕಾಲನ್ನೂ ಮುಂದೆ ಚಾಚುತ್ತಾರೆ.

ಅಮ್ಮ


ಗುಡ್ಡದ ಮೇಲಿಂದ
ನವೆಂಬರ್ 28

ಅಮ್ಮಾ,

ಪರೀಕ್ಷೆ ಮುಗಿದಿರಬೇಕು. ಹೇಗಾಯಿತು ಎಂದು ಕೇಳುವುದಿಲ್ಲ. ಕೇಳಿದರೆ ಯಾವ ಪದ ಬರೆಯುತ್ತೀಯೋ ಎಂಬ ಭಯ.

ನನಗೆ ರಜೆ ಸಿಕ್ಕಿದೆ. ಡಿಸೆಂಬರ್ ಇಪ್ಪತ್ತರ ಶನಿವಾರ ನಿಧಾನಿಯ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾಲ್ಕನೇ ಅಧ್ಯಾಯದ ಮಿಕ್ಕ ಅರ್ಧದಲ್ಲಿ ಏನಿದೆ ಎಂದು ನನಗೆ ಹೇಳಿಬಿಡಬೇಡ. ಬಂದು ನಾನೇ ನೋಡುತ್ತೇನೆ. ಪೆನ್ಸಿಲ್ ತರುತ್ತಿದ್ದೇನೆ.

ಮಗ


ಗಾಜಿನ ಗೂಡಿನಿಂದ
ಡಿಸೆಂಬರ್ 15

ಮಗರಾಯಾ,

ಹೆಸರು ಬರೆದೆ. ಮೊದಲು ಅದನ್ನೇ ಬರೆದೆ, ದೊಡ್ಡದಾಗಿ, ಇಬ್ಬರಿಗೂ ಆಗುವಷ್ಟು.

ಪ್ರಶ್ನೆ ಕೇಳು: ಬೇಡಿಕೆಯ ನಿಯಮಕ್ಕೆ ಒಂದು ಅಪವಾದವನ್ನು ಉದಾಹರಣೆಯೊಂದಿಗೆ ವಿವರಿಸಿ. ನಾನು ಪರೀಕ್ಷಾ ಕೊಠಡಿಯಲ್ಲಿ ಸದ್ದಾಗಿ ನಕ್ಕದ್ದಕ್ಕೆ ಮೇಲ್ವಿಚಾರಕಿ ಬಂದು ನನ್ನ ಮೇಜಿನ ಕೆಳಗೆ ಹುಡುಕಿದರು. ಬೆಲೆ ನಾಳೆ ಏರುತ್ತದೆ ಎಂದು ಜನ ನಂಬಿದರೆ ಇವತ್ತು ಬೇಡಿಕೆ ಇಳಿಯುವುದಿಲ್ಲ, ಏರುತ್ತದೆ ಎಂದು ಬರೆದು, ನೆರಳಿಗೆ ಬಂದವನು ಎಲ್ಲಿಗಾದರೂ ಟಿಕೆಟ್ ಕೊಡಿ ಎಂದದ್ದರವರೆಗೂ ವಿವರಿಸಿದೆ. ಬಿಡಿಸಿ ಹೇಳಬೇಕಾದ್ದನ್ನೆಲ್ಲ ಹೇಳಿದೆ, ಅವತ್ತು ಮೈಕಿನಲ್ಲಿ ಹೋದ ಕೊನೆಯ ಒಂದು ಸಾಲನ್ನು ಬಿಟ್ಟೆ. ಅದು ಪಠ್ಯದೊಳಗಿನದಲ್ಲ. ಇವತ್ತು ಫಲಿತಾಂಶ. ಪಾಸು. ಉದಾಹರಣೆಯನ್ನು ಎಲ್ಲಿ ಓದಿದಿರಿ ಎಂದು ಮೇಷ್ಟ್ರು ಕೇಳಿದರು. ಓದಿದ್ದಲ್ಲ ಸಾರ್, ಮಾಡಿದ್ದು ಎಂದೆ.

ಇನ್ನು ಶನಿವಾರದ ವಿಷಯ. ಅವತ್ತೂ ಬೆಳಗಿನ ಪಾಳಿ ನನ್ನದೇ. ಆ ಟಿಕೆಟ್ ಗದ್ದಲದ ಮೇಲೆ ಗಡಿಯಾರ ಹೊಸ ನಿಯಮ ಮಾಡಿದ್ದಾರೆ: ಬಸ್ಸಿನ ಸಂಖ್ಯೆ, ಎಲ್ಲಿಂದ, ಯಾವ ಅಂಕಣ, ಇವಿಷ್ಟರ ಮೇಲೆ ಒಂದು ಪದವೂ ಹೋಗಕೂಡದು. ನಿನ್ನ ಬಸ್ಸು ಬಂದಾಗಲೂ ನಾನು ಅಷ್ಟನ್ನೇ ಹೇಳಬೇಕು, ಅಷ್ಟನ್ನೇ ಹೇಳುತ್ತೇನೆ. ಕೆಲಸ ಮುಖ್ಯ.

ಆದರೆ ಹೇಳಿ ಮುಗಿಸಿದ ಮೇಲೆ ಸ್ವಿಚ್ ಆರಿಸುವುದನ್ನು ಒಂದು ಉಸಿರಿನಷ್ಟು ತಡ ಮಾಡುತ್ತೇನೆ. ಧ್ವನಿವರ್ಧಕದಿಂದ ಏನೂ ಬರುವುದಿಲ್ಲ, ಗರ್ ಎಂಬ ಸದ್ದೊಂದು ಬಿಟ್ಟು. ಮಿಕ್ಕವರು ಅದು ಕೆಟ್ಟಿದೆ ಎಂದುಕೊಳ್ಳುತ್ತಾರೆ.

ನೀನು ಇಳಿದು ಬಾ. ಕಂಬದ ಈ ಕಡೆಗೆ.

ಅಮ್ಮ